ಕಡೆಗೀಲು

ನಮ್ಮ ಶಾಲೆಯ 1985ನೆಯ ಇಸವಿಯ ಸ್ಮರಣ ಸಂಚಿಕೆಯನ್ನು ಜೋಪಾನವಾಗಿ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಗಳು ಕೆಲವರಾದರೂ ಇರಬಹುದು. ಅದರ ನಡುವಿನ ನುಣುಪು ಕಾಗದದ ಪುಟಗಳಲ್ಲಿ ಒಂದು ಛಾಯಾಚಿತ್ರವಿದೆ. ಶಿಶುವಿಹಾರದ 40 ಮಕ್ಕಳು ಮೆಟ್ಟಿಲುಗಳ ಮೇಲೆ ಸಾಲಾಗಿ ಕುಳಿತಿದ್ದಾರೆ. ಪ್ರತಿಯೊಂದು ಮಗುವಿನ ಮಡಿಲಲ್ಲಿಯೂ ಅಂಗೈಯಗಲದ ಮರದ ಚಕ್ಕಡಿಯೊಂದಿದೆ. ಹಿಂದೆ ದಾನಿಗಳು, ಮುಖ್ಯೋಪಾಧ್ಯಾಯರು. ಬಲತುದಿಯಲ್ಲಿ, ಯಾರೋ ಕರೆದುದರಿಂದ ಅವಸರದಲ್ಲಿ ಬಂದು ನಿಂತವನಂತೆ ಕಾಣುವವನು ನಾನು. ಕೈಕಸುಬು ವಿಭಾಗದವರು ತಯಾರಿಸಿದ ಆಟಿಕೆಗಳನ್ನು ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಹಂಚಲಾಯಿತೆಂದು ಚಿತ್ರದ ಕೆಳಗೆ ಅಚ್ಚಾಗಿದೆ.

ಕೈಕಸುಬು ವಿಭಾಗದ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಈ ವರ್ಷದ ಸಂಪಾದಕ ಮಿತ್ರರು ಕೇಳಿದಾಗ, ಆ ಚಿತ್ರದ ಮುಂದಿನ ಕಥೆಯನ್ನು ಬರೆಯಲು ಒಪ್ಪುವಿರಾದರೆ ಬರೆಯುತ್ತೇನೆ ಎಂದೆ. ಅವರು ಒಪ್ಪಿದರು. ಹೊಗಳಿಕೆಯ ಲೇಖನವನ್ನು ನಿರೀಕ್ಷಿಸಿದ್ದ ವಾಚಕರು ಕ್ಷಮಿಸಬೇಕು.

ನಾನು ಈ ಸಂಸ್ಥೆಗೆ ಬಡಗಿ ಕೆಲಸದ ಶಿಕ್ಷಕನಾಗಿ ಸೇರಿದ ಹೊಸದರಲ್ಲಿ, 1974ರಲ್ಲಿ, ಕೆಲವು ವಾರ ಚನ್ನಪಟ್ಟಣದಲ್ಲಿದ್ದು ಅರಗಿನ ಕೆಲಸವನ್ನು ಕಲಿತು ಬಂದಿದ್ದೆ. ಆಲೆ ಮರದ ತುಂಡನ್ನು ಕಡಸಲು ಯಂತ್ರಕ್ಕೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿದರೆ ಕನ್ನಡಿಯಂತೆ ಹೊಳೆಯುತ್ತದೆ. ಈ ವಿದ್ಯೆ ಕೈಗೆ ಬಂದಿತೆಂಬ ಹೆಮ್ಮೆ ನನಗೆ ಬಹಳವಿತ್ತು. 1984ರ ಮಳೆಗಾಲದಲ್ಲಿ ಕಟ್ಟಿಗೆ ವ್ಯಾಪಾರಿಗಳಾದ ದಾನಿಯೊಬ್ಬರು ಎರಡು ಗಾಡಿ ತುಂಡುಕಟ್ಟಿಗೆಯನ್ನು ಶಾಲೆಗೆ ಕೊಟ್ಟರು. ಅದರಿಂದ ಶಿಶುವಿಹಾರದ ಮಕ್ಕಳಿಗೆ ಚಕ್ಕಡಿಗಳನ್ನು ಮಾಡೋಣವೆಂದು ಹೊರಟವನು ನಾನೇ.

ನಮ್ಮ ಭಾಗದ ನಿಜವಾದ ಚಕ್ಕಡಿಯಲ್ಲಿರುವುದೆಲ್ಲವೂ ಆ ಪುಟ್ಟ ಚಕ್ಕಡಿಯಲ್ಲಿಯೂ ಇರಬೇಕೆಂಬುದು ನನ್ನ ಹಟ. ನೊಗ, ಮೂಕಿ, ಗೂಟ, ಅಚ್ಚು, ಎಲ್ಲವೂ ಇದ್ದವು. ಅಚ್ಚಿನ ತುದಿಯಿಂದ ಚಕ್ರ ಜಾರಿಹೋಗದಂತೆ ಅಡ್ಡಲಾಗಿ ಹಾಕುವ ಕಡೆಗೀಲೂ ಇದ್ದಿತು. ಒಂದು ಚಕ್ಕಡಿಗೆ ಎರಡರಂತೆ 80 ಕಡೆಗೀಲುಗಳನ್ನು ವಿದ್ಯಾರ್ಥಿಗಳ ಕೈಗೆ ಬಿಡದೆ ನಾನೇ ಕಡೆದೆ. ಬೆಂಕಿಕಡ್ಡಿಗಿಂತ ತುಸು ದಪ್ಪವಾದ ಕೀಲು, ಅದರ ನೆತ್ತಿಗೆ ತೊಗರಿಕಾಳಿನಷ್ಟು ದುಂಡಗಿನ ತಲೆ, ತಲೆಗೆ ಕೆಂಪರಗು, ಆ ಕೆಂಪಿನ ಮೇಲೆ ಉಳಿಯ ತುದಿಯಿಂದ ಒಂದು ಸುತ್ತು ಗೆರೆ. ಈ ಗೆರೆಗೆ ಪ್ರಯೋಜನವೇನೂ ಇರಲಿಲ್ಲ, ಅಂದಕ್ಕಾಗಿ ಹಾಕಿದ್ದೆ. ಕೀಲು ಸಡಿಲಾಗದಿರಲೆಂದು ತೂತಿನಲ್ಲಿ ಒಂದೊಂದು ಹನಿ ಸರೇಸು ಬಿಟ್ಟೆವು. ಅಂದಿನ ಬಡಗಿಗಳು ಕಾಯಿಸಿ ಹಚ್ಚುತ್ತಿದ್ದ ಆ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ. ಮಳೆಗಾಲದ ತೇವದಲ್ಲಿ ಉಬ್ಬಿದ ಕಟ್ಟಿಗೆಯಿಂದ ಕಡೆದ ಕೀಲು ಬೇಸಗೆಯಲ್ಲಿ ಒಣಗಿ ಸಣ್ಣಗಾಗುತ್ತದೆ. ಇವೆರಡನ್ನೂ ನಾನು ಪ್ರತಿವರ್ಷ ಎಂಟನೆಯ ತರಗತಿಯವರಿಗೆ ಪಾಠ ಹೇಳುತ್ತಿದ್ದೆ. ಬಾಗಿಲಿನ ಚೌಕಟ್ಟಿನ ವಿಷಯದಲ್ಲಿ ಹೇಳುತ್ತಿದ್ದೆನೇ ಹೊರತು, ಮಗುವಿನ ಕೈಗೆ ಕೊಡುವ ಆಟಿಕೆಗೂ ಅದು ಅನ್ವಯಿಸುವುದೆಂದು ನನಗೆ ಹೊಳೆಯಲಿಲ್ಲ.

ಸ್ಮರಣ ಸಂಚಿಕೆ ಫೆಬ್ರವರಿಯಲ್ಲಿ ಹೊರಬಂದಿತು. ಎಪ್ರಿಲಿನ ಬಿಸಿಲಿನಲ್ಲಿ, ಚಕ್ಕಡಿ ಪಡೆದ ಹುಡುಗನೊಬ್ಬನ ಮನೆಯಲ್ಲಿ, ಅವನ 16 ತಿಂಗಳ ತಂಗಿ ಆ ಚಕ್ಕಡಿಯನ್ನು ಕಚ್ಚುತ್ತ ಕುಳಿತಿದ್ದಿತು. ಜೊಲ್ಲಿಗೆ ಸರೇಸು ಮೆತ್ತಗಾಗಿರಬೇಕು. ಒಣಗಿದ ಕೀಲು ಹೊರಬಂದಿರಬೇಕು. ತಾಯಿ ಒಲೆಯ ಮುಂದಿನಿಂದ ತಿರುಗಿ ನೋಡಿದಾಗ ಮಗು ಬಾಯಿ ತೆರೆದಿದ್ದಿತು, ಸದ್ದು ಬರುತ್ತಿರಲಿಲ್ಲ. ಮುಖ ಕಪ್ಪಿಡುತ್ತಿತ್ತು. ಆಕೆ ಎತ್ತಿಕೊಂಡು ಬೆನ್ನಿಗೆ ಬಡಿದರು. ಮಗು ಜೋರಾಗಿ ಕೆಮ್ಮಿ, ಅತ್ತು, ಸುಮ್ಮನಾಯಿತು. ಸ್ವಲ್ಪ ಹೊತ್ತಿನಲ್ಲಿಯೇ ಆಟಕ್ಕೆ ಕುಳಿತಿತು. ಮನೆಯವರು ದೃಷ್ಟಿ ತೆಗೆದರು. ಚಕ್ಕಡಿಯಲ್ಲಿ ಒಂದು ಕೀಲು ಇಲ್ಲದಿರುವುದನ್ನು ಯಾರೂ ಗಮನಿಸಲಿಲ್ಲ. ಗುರುಗಳು ಕೊಟ್ಟ ವಸ್ತು. ಅದನ್ನು ಅನುಮಾನದಿಂದ ಪರೀಕ್ಷಿಸುವವರಾರು?

ನಾಲ್ಕಾರು ದಿನಗಳಲ್ಲಿ ಕೆಮ್ಮು ಹತ್ತಿತು, ಜ್ವರ ಬಂದಿತು. ಔಷಧಿ ಕೊಟ್ಟಾಗ ಇಳಿಯುವುದು, ನಿಲ್ಲಿಸಿದಾಗ ಮರಳುವುದು. ಹೀಗೆ ಮೂರು ವಾರ ಕಳೆದವು. ಎಕ್ಸರೇ ಚಿತ್ರವನ್ನೂ ತೆಗೆಸಿದರು. ಅದರಲ್ಲಿ ಯಾವ ವಸ್ತುವೂ ಕಾಣಲಿಲ್ಲ. ಮರ, ಪ್ಲಾಸ್ಟಿಕ್, ಶೇಂಗಾಕಾಳು ಇವು ಎಕ್ಸರೇಯಲ್ಲಿ ಕಾಣಿಸಿಕೊಳ್ಳುವುದಿಲ್ಲವೆಂಬುದು ನಮ್ಮಂಥವರಿಗೆ ಎಲ್ಲಿಂದ ತಿಳಿಯಬೇಕು! ಕೊನೆಗೆ ದೊಡ್ಡ ಊರಿನ ಆಸ್ಪತ್ರೆಯೊಂದರಲ್ಲಿ ವಯಸ್ಸಾದ ವೈದ್ಯರೊಬ್ಬರು ಮಗುವಿನ ಎದೆಯ ಎಡಭಾಗವನ್ನೂ ಬಲಭಾಗವನ್ನೂ ಬಹಳ ಹೊತ್ತು ಆಲಿಸಿ, ಬಲಗಡೆ ಉಸಿರು ಕಡಮೆಯೆಂದರು. ಅನಂತರ ಅಲ್ಲಿಯವರೆಗೆ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳಿದರು: ಈ ಕೆಮ್ಮು ಹತ್ತುವ ಮೊದಲು ಎಂದಾದರೂ ಆಡುತ್ತಿರುವಾಗ ಹಠಾತ್ತನೆ ಉಸಿರುಗಟ್ಟಿತ್ತೆ? ತಾಯಿ ಹೌದೆಂದರು.

ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸಿ, ಬಲಗಡೆಯ ಕವಲಿನಿಂದ ವಸ್ತುವನ್ನು ತೆಗೆದರು. ಬಲಗವಲು ಎಡಗವಲಿಗಿಂತ ಅಗಲ ಹೆಚ್ಚು, ಓರೆ ಕಡಮೆ. ಆದುದರಿಂದ ಒಳಗೆ ಬಿದ್ದದ್ದು ಬಹುಮಟ್ಟಿಗೆ ಆ ಕಡೆಗೇ ಹೋಗುವುದಂತೆ. ತೆಗೆದುದನ್ನು ಸಣ್ಣ ಸೀಸೆಯಲ್ಲಿ ಹಾಕಿ ತಂದೆಗೆ ಕೊಟ್ಟಿದ್ದರು. ಅವರು ಊರಿಗೆ ಬಂದ ದಿನ ನಾನು ನೋಡಲು ಹೋದೆ. ಸೀಸೆಯನ್ನು ಬೆಳಕಿಗೆ ಹಿಡಿದೆ. ಅರಗು ಅಲ್ಲಲ್ಲಿ ಎದ್ದಿದ್ದರೂ ಆ ಸುತ್ತುಗೆರೆ ಅಳಿಸಿರಲಿಲ್ಲ. ಹೇಳಬೇಕಾದದ್ದು ಬಹಳವಿತ್ತು, ಒಂದೂ ಹೇಳಲಾಗಲಿಲ್ಲ. ತಂದೆಯೇ ಮಾತನಾಡಿದರು: “ಮಗು ಉಳಿಯಿತಲ್ಲ ಗುರುಗಳೇ, ಬಿಡ್ರಿ.” ಸೀಸೆಯನ್ನು ನಾನು ಬೇಡಿ ತೆಗೆದುಕೊಂಡು ಬಂದೆ.

ಮಗು ಉಳಿಯಿತು, ನಿಜ. ಆದರೆ ಮೂರು ವಾರ ಗಾಳಿ ಸರಿಯಾಗಿ ತಲಪದೆ ಕೀವಾದ ಬಲಶ್ವಾಸಕೋಶದ ಕೆಳಭಾಗ ಮೊದಲಿನಂತಾಗಲಿಲ್ಲ. ಮುಂದೆ ಆಕೆ ನಮ್ಮ ಶಾಲೆಯಲ್ಲಿಯೇ ಓದಿದಳು. ಕ್ರೀಡಾಸ್ಪರ್ಧೆಗಳ ದಿನ ಓಟದ ಸಾಲಿನಲ್ಲಿ ನಿಲ್ಲದೆ, ಗಡಿಯಾರ ಹಿಡಿದು ಸಮಯ ಬರೆದುಕೊಳ್ಳುವ ಕೆಲಸ ಮಾಡುತ್ತಿದ್ದಳು. ಚೊಕ್ಕಟವಾಗಿ ಮಾಡುತ್ತಿದ್ದಳು. ಹತ್ತು ವರ್ಷ ಅದನ್ನು ನಾನು ನೋಡಿದೆ.

ಇಲ್ಲಿಯವರೆಗಿನದು ಅಜ್ಞಾನದ ತಪ್ಪೆಂದು ವಾಚಕರು ಕ್ಷಮಿಸಬಹುದು. ಮುಂದಿನದು ಹಾಗಲ್ಲ. ಉಳಿದ 39 ಚಕ್ಕಡಿಗಳು ಊರಿನ ಮನೆಗಳಲ್ಲಿ ಇನ್ನೂ ಆಡುತ್ತಿದ್ದವು. ಮರುದಿನದಿಂದಲೇ ಮನೆಮನೆಗೆ ಹೋಗಿ ಕೇಳಿ ತಂದೆ. ಏಕೆಂದು ಕೇಳಿದವರಿಗೆ “ಬಣ್ಣ ಸರಿಯಾಗಿ ಹತ್ತಿಲ್ಲ, ತಿರುಗಿ ಹಚ್ಚಿಕೊಡುತ್ತೇನೆ” ಎಂದು ಹೇಳಿದೆ. ಇದ್ದುದನ್ನು ಇದ್ದಂತೆ ಹೇಳಿದ್ದರೆ ಅವರು ಹುಡುಕಿ ಕೊಡುತ್ತಿದ್ದರು. ಬಣ್ಣದ ಮಾತಾದುದರಿಂದ, ಇರಲಿ ಬಿಡಿ, ಚೆನ್ನಾಗಿಯೇ ಇದೆ ಎಂದು ಕೆಲವರು ಕೊಡಲಿಲ್ಲ. 33 ಮರಳಿ ಬಂದವು. ಆರು ಬರಲಿಲ್ಲ. ಅವುಗಳಿಂದ ಯಾರಿಗೂ ತೊಂದರೆಯಾದುದು ನನ್ನ ಕಿವಿಗೆ ಬಿದ್ದಿಲ್ಲ. ಆದರೆ ಅದು ನನ್ನ ಎಚ್ಚರಿಕೆಯ ಫಲವಲ್ಲ. ಶಾಲೆಯ ಹೆಸರು, ದಾನಿಗಳ ಮನಸ್ಸು ಎಂಬ ಕಾರಣಗಳನ್ನು ಆಗ ನನಗೆ ನಾನೇ ಹೇಳಿಕೊಂಡಿದ್ದೆ. ಕಾಪಾಡಬೇಕಾಗಿದ್ದುದು ನನ್ನ ಹೆಸರನ್ನು.

ಅಂದಿನಿಂದ ಈ ವಿಷಯದಲ್ಲಿ ಕಂಡದ್ದನ್ನೆಲ್ಲ ಓದುವುದು ನನಗೊಂದು ವ್ರತವಾಯಿತು. ಶ್ವಾಸನಾಳದ ಕವಲಿನಿಂದ ಹೀಗೆ ಕೊಳವೆಯ ಮೂಲಕ ವಸ್ತುವನ್ನು ಮೊದಲು ತೆಗೆದವನು ಜರ್ಮನಿಯ ಗುಸ್ತಾವ್ ಕಿಲಿಯಾನ್. 1897ರಲ್ಲಿ ಒಬ್ಬ ರೈತನ ಉಸಿರ್ನಾಳದಿಂದ ಎಲುಬಿನ ತುಣುಕೊಂದನ್ನು ತೆಗೆದನು. ಅಮೆರಿಕದ ಫಿಲಡೆಲ್ಫಿಯದ ವೈದ್ಯ ಶೆವಲಿಯರ್ ಜ್ಯಾಕ್ಸನ್ (1865–1958) ಈ ವಿದ್ಯೆಯನ್ನು ಬೆಳೆಸಿದವನು. ಅವನೂ ಮರ ಲೋಹಗಳ ಕೆಲಸ ಬಲ್ಲವನು, ತನ್ನ ಉಪಕರಣಗಳನ್ನು ತಾನೇ ರೂಪಿಸಿಕೊಳ್ಳುತ್ತಿದ್ದನೆಂದು ಓದಿದಾಗ ನನಗೆ ಒಂದು ಬಗೆಯ ಬಾಂಧವ್ಯವೆನಿಸಿತು. ಜನರ ಗಂಟಲು, ಶ್ವಾಸನಾಳಗಳಿಂದ ತೆಗೆದ 2,374 ವಸ್ತುಗಳನ್ನು ಅವನು ಎಸೆಯದೆ ಕೂಡಿಟ್ಟನು. ಅವು ಇಂದಿಗೂ ಆ ನಗರದ ಮ್ಯೂಟರ್ ವಸ್ತುಸಂಗ್ರಹಾಲಯದ ಅರೆಗಳಲ್ಲಿವೆ. ಗುಂಡಿ, ನಾಣ್ಯ, ಪಿನ್ನು, ಆಟಿಕೆಯ ತುಂಡುಗಳ ನಡುವೆ ಅಲ್ಲಿ ಒಂದು ಶಾಲಾಪದಕವೂ ಇದೆಯಂತೆ. ಒಂದು ದಿನವೂ ತಪ್ಪದೆ ಹಾಜರಾದ ಮಗುವಿಗೆ ಕೊಡುವ ಪದಕ. ಕೊಟ್ಟ ಶಿಕ್ಷಕನಾರೋ, ಅವನಿಗೆ ಸುದ್ದಿ ತಲಪಿತೋ ಇಲ್ಲವೋ.

ವೈದ್ಯರ ಕೈಗೆ ಹೋಗುವ ಮೊದಲೇ ತಡೆಯುವ ದಾರಿಯೂ ಉಂಟು. ಅದು ಬರಿಯ ಒಂದು ಅಳತೆ. ಎರಡು ವರ್ಷದ ಮಗುವಿನ ಶ್ವಾಸನಾಳ ಹೆಚ್ಚುಕಡಮೆ ಒಂದು ಪೆನ್ಸಿಲಿನ ದಪ್ಪ. ಹಿಂದಿನ ದವಡೆಹಲ್ಲುಗಳು ಪೂರ್ತಿಯಾಗಿ ಬಂದಿರುವುದಿಲ್ಲ. ಕೆಮ್ಮಿ ಹೊರದಬ್ಬುವ ಬಲವೂ ಸಾಲದು. ಜಗತ್ತನ್ನು ಅದು ತಿಳಿಯುವುದೇ ಬಾಯಿಯಿಂದ. ಆದುದರಿಂದ ಮೂರು ವರ್ಷದೊಳಗಿನವರ ಆಟಿಕೆಯ ಯಾವ ಭಾಗವೂ ಒಂದು ನಿಶ್ಚಿತ ಕೊಳವೆಯೊಳಗೆ ಪೂರ್ತಿಯಾಗಿ ಇಳಿಯಬಾರದೆಂದು ನಿಯಮ ಮಾಡಿದ್ದಾರೆ. ಕೊಳವೆಯ ಒಳವ್ಯಾಸ 31.7 ಮಿಲಿಮೀಟರ್, ತಳ ಓರೆಯಾಗಿದ್ದು, ಆಳ ಒಂದು ಬದಿಗೆ 25.4, ಇನ್ನೊಂದು ಬದಿಗೆ 57.1 ಮಿಲಿಮೀಟರ್. ವಸ್ತುವನ್ನು ಅದುಮದೆ, ಯಾವ ಮಗ್ಗುಲಿನಿಂದಲಾದರೂ ಸರಿಯೆ, ಅದರೊಳಗೆ ಬಿಟ್ಟು ನೋಡಬೇಕು. ಪೂರ್ತಿ ಇಳಿದರೆ ಆ ವಸ್ತು ಚಿಕ್ಕ ಮಕ್ಕಳಿಗೆ ಸಲ್ಲದು. ಅಷ್ಟೇ ಅಲ್ಲ, ಆಟಿಕೆಯನ್ನು ಬೀಳಿಸಿ, ತಿರುಚಿ, ಎಳೆದು, ಅದುಮಿ, ಆಗ ಉದುರಿದ ತುಂಡುಗಳನ್ನೂ ಹಾಗೆಯೇ ಪರೀಕ್ಷಿಸಬೇಕು. ಅಮೆರಿಕದಲ್ಲಿ ಈ ನಿಯಮ 1980ರ ಜನವರಿ 1ರಂದು ಜಾರಿಗೆ ಬಂದಿತು. ನಾನು ಕಡೆಗೀಲುಗಳಿಗೆ ಕೆಂಪರಗು ಹಚ್ಚಿದುದಕ್ಕಿಂತ ನಾಲ್ಕು ವರ್ಷ ಮೊದಲು!

ನಮ್ಮ ದೇಶದಲ್ಲಿಯೂ ಈ ಅಳತೆ ಆಟಿಕೆಗಳ ಮಾನಕದಲ್ಲಿ, ಐಎಸ್ 9873ರಲ್ಲಿ, ಇದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಆದರೆ ನೋಂದಾಯಿತ ಕುಶಲಕರ್ಮಿಗಳ ಆಟಿಕೆಗಳಿಗೂ ಭೌಗೋಳಿಕ ಗುರುತು ಪಡೆದ ಆಟಿಕೆಗಳಿಗೂ ಆ ಆದೇಶದಿಂದ ವಿನಾಯಿತಿಯಿದೆ. ಚನ್ನಪಟ್ಟಣದ ಆಟಿಕೆ ಆ ಗುರುತು ಪಡೆದದ್ದು. ವಿನಾಯಿತಿ ನ್ಯಾಯವಾದದ್ದೇ, ಗುಡಿಸಲಿನಲ್ಲಿ ಕುಳಿತು ಕಡೆಯುವವನು ಪ್ರಯೋಗಾಲಯದ ವೆಚ್ಚವನ್ನು ಎಲ್ಲಿಂದ ತರಬೇಕು? ಆ ಕಸುಬಿನ ಅನ್ನ ಉಂಡ ನಾನು ಅದರ ವಿರುದ್ಧ ಮಾತನಾಡಲಾರೆ. ಆದರೆ ಅಳತೆ ನೋಡುವ ಹೊಣೆ ಆಗ ಕೊಳ್ಳುವವನ ಮೇಲೆ ಬೀಳುತ್ತದೆ. ಪ್ಲಾಸ್ಟಿಕ್ ಕೆಟ್ಟದ್ದು, ನಮ್ಮ ಮರದ ಆಟಿಕೆ ಒಳ್ಳೆಯದು ಎಂದು ಸಭೆಗಳಲ್ಲಿ ಹೇಳುವುದನ್ನು ಕೇಳಿದಾಗ ನನಗೆ ಆ ಸೀಸೆ ನೆನಪಾಗುತ್ತದೆ. ಗಂಟಲಿಗೆ ಆ ಭೇದವಿಲ್ಲ. ನಮ್ಮ ಗೋಲಿ, ಗಜಗ, ಕವಡೆ, ಚೌಕಾಬಾರದ ಹುಣಸೆಬೀಜ ಒಂದೂ ಆ ಕೊಳವೆಯ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಆಟಿಕೆಯ ಮಾತು ಬಿಟ್ಟರೂ, ನಮ್ಮ ದೇಶದ ವೈದ್ಯರು ಮಕ್ಕಳ ಉಸಿರ್ನಾಳದಿಂದ ತೆಗೆಯುವ ವಸ್ತುಗಳಲ್ಲಿ ಶೇಂಗಾಕಾಳಿನದೇ ದೊಡ್ಡ ಪಾಲು.

2021ರಲ್ಲಿ, ನಿವೃತ್ತನಾಗಿ ಹದಿಮೂರು ವರ್ಷಗಳಾದ ಮೇಲೆ, ಅಂಥ ಕೊಳವೆಯೊಂದನ್ನು ನಾನೇ ಆಲೆ ಮರದಲ್ಲಿ ಕಡೆದೆ. ಓರೆತಳವನ್ನು ಕಡಸಲು ಯಂತ್ರದಲ್ಲಿ ತೆಗೆಯಲು ಬರುವುದಿಲ್ಲ. ಓರೆಯಾಗಿ ಕೊಯ್ದ ಬಿಲ್ಲೆಯನ್ನು ಬೇರೆ ಮಾಡಿ ಕೆಳಗಿನಿಂದ ಬಡಿದು ಕೂರಿಸಿದೆ. ಕೈ ನಡುಗುವ ವಯಸ್ಸು. ಎರಡು ಹಾಳಾಗಿ ಮೂರನೆಯದು ಸರಿಯಾಯಿತು. ಮೊದಲು ಸೀಸೆಯನ್ನು ತೆರೆದು ಆ ಕಡೆಗೀಲನ್ನು ಬಿಟ್ಟೆ. ಅದು ತಳಕ್ಕೆ ಹೋಗಿ ಒಂದು ಮೂಲೆಯಲ್ಲಿ ಮಲಗಿತು.

ಆಮೇಲೆ ಶಿಶುವಿಹಾರದ ಅಧ್ಯಾಪಿಕೆಯರೊಂದಿಗೆ ಕುಳಿತು ಆಟಿಕೆಗಳ ಕಪಾಟನ್ನು ಇಡೀ ಮಧ್ಯಾಹ್ನ ಶೋಧಿಸಿದೆವು. ಗೊಂಬೆಯ ಪಾದರಕ್ಷೆ, ಆಟದ ಅಡಿಗೆಯ ಚಮಚ, ತಿಂಡಿಪೊಟ್ಟಣದೊಳಗೆ ಬರುವ ಪೀಪಿ, ಕಿತ್ತುಬಂದ ಕರಡಿಯ ಕಣ್ಣು, ಇವೆಲ್ಲ ಇಳಿದವು. ಒಡೆದ ಗಿಲಕಿಯೊಂದರಿಂದ ಮಣಿಗಳು ಉದುರಿದವು. ಹಾಡುವ ಹಕ್ಕಿಯೊಂದರ ಹೊಟ್ಟೆಯ ಮುಚ್ಚಳ ಬೆರಳಿಗೆ ತೆರೆಯಿತು. ಒಳಗೆ ಗುಂಡಿಯಂಥ ಬ್ಯಾಟರಿ. ಅದರ ಅಪಾಯ ಬೇರೆಯೇ ಜಾತಿಯದು: ಉಸಿರು ಕಟ್ಟದಿದ್ದರೂ ಅನ್ನನಾಳದಲ್ಲಿ ನಿಂತರೆ ಎರಡು ಗಂಟೆಗಳಲ್ಲಿ ಸುಟ್ಟ ಗಾಯ ಮಾಡುತ್ತದೆ. ಕೊಳವೆಯೂ ಹೇಳಲಾರದ ಸಂಗತಿಗಳಿವೆ. ದುಂಡಗಿನ ಚೆಂಡು ಗಂಟಲನ್ನು ಎಲ್ಲ ಕಡೆಯಿಂದಲೂ ಮುಚ್ಚುವುದರಿಂದ ಅದಕ್ಕೆ ಇನ್ನೂ ದೊಡ್ಡ ಅಳತೆ, 44.5 ಮಿಲಿಮೀಟರ್. ರಬ್ಬರಿನ ಬಲೂನಿಗೆ ಯಾವ ಅಳತೆಯೂ ಇಲ್ಲ. ಒಡೆದ ಚೂರು ಉಸಿರಿನೊಡನೆ ಒಳಗೆ ಹೋದರೆ ಗಂಟಲಿನ ಆಕಾರವನ್ನೇ ತಾಳಿ ಅಂಟಿಕೊಳ್ಳುತ್ತದೆ. ನಮ್ಮ ಸ್ನೇಹಸಮ್ಮೇಳನದ ಮಂಟಪಕ್ಕೆ ಕಟ್ಟುವ ಬಲೂನುಗಳನ್ನು ಕೊನೆಗೆ ಮಕ್ಕಳಿಗೆ ಹಂಚುವ ಪದ್ಧತಿಯನ್ನು ಕುರಿತು ಆಡಳಿತ ಮಂಡಳಿಯವರು ಇಷ್ಟು ಓದಿದ ಮೇಲೆ ಆಲೋಚಿಸಬಹುದು.

ಆಗಲೇ ಅಧ್ಯಾಪಿಕೆಯರಿಗೆ ವೈದ್ಯರೊಬ್ಬರಿಂದ ಪ್ರಥಮ ಚಿಕಿತ್ಸೆಯನ್ನೂ ಹೇಳಿಸಿದೆವು. ಕೆಮ್ಮು ಸದ್ದಿನೊಡನೆ ಬರುತ್ತಿದ್ದರೆ ಕೆಮ್ಮಲು ಬಿಡುವುದು. ಸದ್ದೇ ಇಲ್ಲವಾದರೆ, ವರ್ಷದೊಳಗಿನ ಕೂಸನ್ನು ತಲೆ ಕೆಳಗಾಗುವಂತೆ ಮುಂಗೈಯ ಮೇಲೆ ಬೋರಲು ಹಾಕಿ ಹೆಗಲೆಲುಬುಗಳ ನಡುವೆ 5 ಸಲ ತಟ್ಟುವುದು, ತಿರುಗಿಸಿ ಎದೆಯ ನಡುವೆ 5 ಸಲ ಒತ್ತುವುದು, ವಸ್ತು ಬರುವವರೆಗೆ ಇದನ್ನೇ ಮುಂದುವರಿಸುವುದು. ದೊಡ್ಡ ಮಗುವಾದರೆ ಬೆನ್ನಿಗೆ 5 ಸಲ ತಟ್ಟಿ, ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು 5 ಸಲ ಒಳಕ್ಕೂ ಮೇಲಕ್ಕೂ ಒತ್ತುವುದು. 1974ರಲ್ಲಿ ಅಮೆರಿಕದ ಹೈಮ್ಲಿಕ್ ಎಂಬ ವೈದ್ಯ ಬಳಕೆಗೆ ತಂದ ಕ್ರಮವಿದು. ಕಾಣದ ವಸ್ತುವಿಗಾಗಿ ಬೆರಳು ಹಾಕಿ ತಡಕಬಾರದು. ಅದು ಇನ್ನಷ್ಟು ಒಳಗೆ ಹೋದೀತು. ಮಗು ಪ್ರಜ್ಞೆ ತಪ್ಪಿದರೆ ಎದೆಯೊತ್ತುವ ಚಿಕಿತ್ಸೆಯನ್ನು ಆರಂಭಿಸಿ, ಮತ್ತೊಬ್ಬರಿಂದ 108ಕ್ಕೆ ಕರೆ ಮಾಡಿಸಬೇಕು. ಕೊನೆಯ ಮಾತನ್ನು ನಾನು ಹೇಳಿ ಸೇರಿಸಿದೆ: ಮಗು ಸುಧಾರಿಸಿಕೊಂಡರೂ ವಸ್ತು ಹೊರಗೆ ಬಿದ್ದುದನ್ನು ಕಣ್ಣಾರೆ ಕಾಣದಿದ್ದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು, ಉಸಿರುಗಟ್ಟಿದ ಸಂಗತಿಯನ್ನು ಅವರು ಕೇಳುವ ಮೊದಲೇ ಹೇಳಬೇಕು.

ಇನ್ನೊಂದು ಪ್ರಸಂಗವನ್ನು ಹೇಳಬೇಕಾಗಿದೆ. ಮರುವರ್ಷ ನಮ್ಮ ಹಳೆಯ ವಿದ್ಯಾರ್ಥಿಯೂ ದಾನಿಯೂ ಆದ ಮಹನೀಯರೊಬ್ಬರು ಶಿಶುವಿಹಾರದ ಪ್ರತಿಯೊಂದು ಮಗುವಿಗೂ ಒಂದೊಂದು ಆಟಿಕೆಯ ಪೆಟ್ಟಿಗೆಯನ್ನು ತಂದರು. ಒಳ್ಳೆಯ ಕಂಪನಿಯದು, ಐಎಸ್‌ಐ ಗುರುತಿನದು. ಒಳಗೆ ಸಣ್ಣ ಸಣ್ಣ ಜೋಡಣೆಯ ತುಂಡುಗಳು. ಹಂಚುವುದು ಬೇಡವೆಂದು ನಾನು ಹೇಳಿದೆ. “ಮೂರು ವರ್ಷ ಮೇಲ್ಪಟ್ಟವರಿಗೆ ಎಂದು ಬರೆದಿದೆಯಲ್ಲ ಗುರುಗಳೇ, ನಿಮ್ಮ ಮಕ್ಕಳಿಗೆ ನಾಲ್ಕು ಆಗಿದೆಯಲ್ಲ” ಎಂದರು. ಅವರ ಮಾತು ನಿಯಮಕ್ಕೆ ಸರಿಯಾಗಿಯೇ ಇತ್ತು. ಆ ಬರಹವನ್ನು ಬುದ್ಧಿಯ ಅಳತೆಯೆಂದು ತಿಳಿದು, ನಮ್ಮ ಮಗು ಚುರುಕಾಗಿದೆ, ಎರಡಕ್ಕೇ ಕೊಡೋಣ ಎನ್ನುವವರುಂಟು. ಇವರು ಹಾಗೆ ತಪ್ಪು ತಿಳಿದವರಲ್ಲ. ಆದರೆ ಬಹುಮಾನ ಶಾಲೆಯಲ್ಲಿ ಉಳಿಯುವುದಿಲ್ಲ, ಮನೆಗೆ ಹೋಗುತ್ತದೆ. ಮನೆಯಲ್ಲಿ ತೆವಳುವ ತಮ್ಮನೋ ತಂಗಿಯೋ ಇರುತ್ತದೆ. ಚಕ್ಕಡಿ ಪಡೆದ ಹುಡುಗನಿಗೂ ಆಗ ನಾಲ್ಕು ತುಂಬಿತ್ತು. ಇದನ್ನು ನಾನು ಅವರಿಗೆ ಆ ದಿನ ಹೇಳಲಿಲ್ಲ; ಸಭೆಯ ಮುಂದೆ ನಾಲಿಗೆ ಏಳಲಿಲ್ಲ. ಪೆಟ್ಟಿಗೆಗಳನ್ನು ಮೇಲಿನ ತರಗತಿಯವರು ಶಾಲೆಯಲ್ಲಿಯೇ ಆಡಲೆಂದು ಇಟ್ಟುಕೊಂಡೆವು. ಅವರಿಗೆ ಬೇಸರವಾಯಿತು. ಆ ಬೇಸರ ಪೂರ್ತಿ ಹೋಗಿದೆಯೆಂದು ನಾನು ಹೇಳಲಾರೆ. ಈ ಸಂಚಿಕೆಯನ್ನು ಅವರೂ ಓದುವರು.

ಕಳೆದ ದೀಪಾವಳಿಯ ಸಮಯದಲ್ಲಿ ಶಿಶುವಿಹಾರಕ್ಕಾಗಿ ಮತ್ತೆ ಒಂದು ಚಕ್ಕಡಿಯನ್ನು ಮಾಡಿದೆ, ಒಂದೇ. ಮನೆಗೆ ಕೊಡುವುದಕ್ಕಲ್ಲ, ಅಲ್ಲಿಯೇ ಇಡುವುದಕ್ಕೆ. ಎರಡು ಬೇಸಗೆ ಒಣಗಿಸಿದ ಕಟ್ಟಿಗೆ. ಚಕ್ರದ ವ್ಯಾಸ 60 ಮಿಲಿಮೀಟರ್, ಅಚ್ಚಿನ ಉದ್ದ 90. ಅಚ್ಚನ್ನು ಚಕ್ರಗಳಿಗೇ ಬೆಣೆ ಹೊಡೆದು ಬಿಗಿದಿದ್ದೇನೆ. ಅಚ್ಚು ಗಾಡಿಯ ಅಡಿಯ ತೂತಿನಲ್ಲಿ ತಿರುಗುತ್ತದೆ. ಮುಗಿದ ಮೇಲೆ ಎದೆಯೆತ್ತರದಿಂದ ಹತ್ತು ಸಲ ನೆಲಕ್ಕೆ ಬೀಳಿಸಿ ನೋಡಿದೆ. ಕಡೆಗೀಲು ಇಲ್ಲದ ಚಕ್ಕಡಿ ಚಕ್ಕಡಿಯೇ ಅಲ್ಲವೆಂದು ನಮ್ಮ ಬಡಿಗೇರ ಓಣಿಯ ಹಿರಿಯರೊಬ್ಬರು ಆಕ್ಷೇಪಿಸಿದರು.